ದವಡೆಯಲ್ಲಿ ಹರಿದದ್ದು ಲೆಕ್ಕಕ್ಕಿಲ್ಲ

ಹಾಸ್ಟೆಲ್ ಕೋಣೆ
ಹದಿನೇಳನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಬಾಲದ ನಮಸ್ಕಾರ. ಪತ್ರದ ಜೊತೆ ಬಂದಿರುವ ಪಾರ್ಸೆಲನ್ನು ದಯವಿಟ್ಟು ಈಗಲೇ ಬಿಚ್ಚಬೇಡ. ಕತ್ತರಿ ಕೈಯಲ್ಲಿದ್ದರೆ ದಾರ ಕಂಡಲ್ಲೆಲ್ಲ ಕತ್ತರಿಸುವವಳು ನೀನು, ನನಗೆ ಗೊತ್ತು. ಅದನ್ನು ಮೆಷಿನ್ ಕೆಳಗಿನ ಬಟ್ಟೆಚೂರಿನ ಬುಟ್ಟಿಯಲ್ಲಿ ಹಾಕಿಟ್ಟು ಮೊದಲು ಇದನ್ನು ಪೂರ್ತಿ ಓದು. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರು ಹೋಗುವ ತನಕ ಕಾಯಿ.

ಮನೆ ಬಿಟ್ಟು ಹೊಲಿಗೆ ಅಂಗಡಿಯ ವಿಳಾಸಕ್ಕೆ ಪತ್ರ ಹಾಕಿದ್ದೇಕೆ ಎಂದು ನೀನು ಕೇಳುವುದಿಲ್ಲ. ಮನೆಗೆ ಫೋನ್ ಮಾಡಿದರೆ ನಿನ್ನ ಅತ್ತೆ ಪಕ್ಕದಲ್ಲೇ ಬಂದು ಕೂರುತ್ತಾರೆ, "ಸ್ಪೀಕರ್ ಹಾಕಮ್ಮ, ನಾನೂ ಕೇಳ್ತೀನಿ" ಅನ್ನುತ್ತಾರೆ. ಮೊದಲೆಲ್ಲ ನನ್ನ ಫೋನ್ ಬಂತೆಂದರೆ ಎದ್ದು ಒಳಗೆ ಹೋಗುತ್ತಿದ್ದವರು. ಈಗ ನನ್ನ ದನಿ ಕೇಳಿದರೆ ಅವರಿಗೆ ಖುಷಿ. ಆ ಖುಷಿಗೆ ಹೆದರಿಯೇ ಎರಡು ವಾರದಿಂದ ನಾನು ಫೋನ್ ಎತ್ತಿಲ್ಲ. ವೈವಾ ಇದೆ, ಬೈಂಡಿಂಗ್ ಅಂಗಡಿಯಲ್ಲಿ ಕ್ಯೂ ಇದೆ ಎಂದೆಲ್ಲ ಮೆಸೇಜ್ ಹಾಕಿದ್ದು ಅರ್ಧ ನಿಜ, ಅರ್ಧ ನೆಪ.

ಒಳ್ಳೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಮುಗಿಯಿತು. ನನಗೆ ಆನರ್ಸ್ ಕೊಟ್ಟರು. ನಮ್ಮ ಬ್ಯಾಚಿನಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಸಿಕ್ಕಿದ್ದು. ವರದಿಗೆ ಕಡುನೀಲಿ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಭಾವ ಇದ್ದಿದ್ದರೆ "ಇಂಜಿನಿಯರಮ್ಮೋರು ಬಂದ್ರು, ಕುರ್ಚಿ ಹಾಕ್ರಪ್ಪಾ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ನೋಡಲಾಗದೆ ಅದರ ಮೇಲೆ ಟವೆಲ್ ಹಾಸಿದ್ದೇನೆ.

ಇನ್ನು ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ವರದಿ ಬರೆದು ಬರೆದು ಅಂಟಿದ ಚಾಳಿ. ಮೊದಲ ಅಧ್ಯಾಯ ಹಿನ್ನೆಲೆ ಇರಲೇಬೇಕು, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ನನ್ನ ಕೈ ಏಳುವುದಿಲ್ಲ.

ಅವತ್ತು ಬೆಳಗ್ಗೆ ಭಾವ ತಮ್ಮ ಕೆಲಸದ ಅಂಗಿಯನ್ನು ನೋಡದೆ ನಿನ್ನ ಗಿರಾಕಿಯ ಕೆನೆಬಣ್ಣದ ಬಟ್ಟೆಯ ಮೇಲೆ ಎಸೆದರು. ಬಟ್ಟೆಗೆ ತುಕ್ಕಿನ ಕಲೆ ಹತ್ತಿತು. ಎರಡು ದಿನ ಕೂತು ಕತ್ತರಿಸಿದ ಬಟ್ಟೆ. ನೀನು ರೇಗಿದೆ. ಅವರು ನಗುತ್ತಾ ಏನೋ ಹೇಳಲು ಹೋದರು, ನೀನು "ಮೊದಲು ನನ್ನ ಕಣ್ಮುಂದಿಂದ ಹೋಗಿ" ಅಂದೆ. ಅವರು ಚಹಾ ಕುಡಿಯದೆ ಹೋದರು. ಅತ್ತೆ ಹಜಾರದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಊಟದ ಹೊತ್ತಿಗೆ ಮೊದಲೇ ಕಂಪನಿಯ ಜೀಪು ಮನೆ ಮುಂದೆ ಬಂದು ನಿಂತಿತು. ನೀರಿನ ದೊಡ್ಡ ಟ್ಯಾಂಕಿನ ಅಂಚಿಗೆ ಬಣ್ಣ ಬಳಿಯುತ್ತಿದ್ದಾಗ ಬಿದ್ದರು, ಬಿದ್ದಲ್ಲೇ ಹೋದರು ಎಂದರು.

ಆಮೇಲೆ ಕಂಪನಿಯವರು ವಿಚಾರಣೆ ಮಾಡಿದ ಶಾಸ್ತ್ರ ಮಾಡಿ, ಎತ್ತರದಲ್ಲಿ ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟಿನ ಕೊಕ್ಕೆಯನ್ನು ಕೆಲಸಗಾರ ಹಾಕಿಕೊಂಡಿರಲಿಲ್ಲ, ಅವನದೇ ಅಜಾಗರೂಕತೆ ಎಂದು ಬರೆದು ಕೈ ತೊಳೆದುಕೊಂಡರು. ಆ ಬೆಲ್ಟನ್ನೊಮ್ಮೆ ತೋರಿಸಿ ಎಂದು ನೀನು ಕೇಳಿದರೆ, ಸ್ಟೋರಿಗೆ ಹೋಗಿದೆ, ಈಗ ಹುಡುಕಲಾಗದು ಎಂದರು. ಅತ್ತೆಗೆ ಆ ವಿಚಾರಣೆಯೂ ಬೇಕಿರಲಿಲ್ಲ. ಕೊಕ್ಕೆ ಹಾಕುವುದನ್ನು ತಮ್ಮ ಮಗ ಮರೆತನೆಂದರೆ ಅವನ ಮನಸ್ಸು ನೆಟ್ಟಗಿರಲಿಲ್ಲ, ಮನಸ್ಸು ಕೆಡಿಸಿ ಕಳಿಸಿದವಳು ಯಾರು ಎಂದು ಬಂದವರೆದುರಿಗೆಲ್ಲ ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ತಮ್ಮ ತಟ್ಟೆ ತಾವೇ ತೊಳೆದುಕೊಂಡು, ಏನಾದರೂ ಬೇಕಿದ್ದರೆ ಗೋಡೆಗೆ ಹೇಳಿದ ಹಾಗೆ ಹೇಳುತ್ತಾ, ಒಂದೇ ಸೂರಿನಡಿ ನಿನ್ನನ್ನು ಇಲ್ಲದವಳನ್ನಾಗಿ ಮಾಡಿದರು. ನಾನು ರಜೆಗೆ ಬಂದಾಗ ನೀವಿಬ್ಬರೂ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ತಾಗದಂತೆ ಓಡಾಡುವುದನ್ನು ಕಣ್ಣಾರೆ ನೋಡಿದೆ.

ಹಿತ್ತಿಲ ಮೆಟ್ಟಿಲ ಮೇಲೆ ಕೂತು ನೀನು ನನಗೆ ಹೇಳಿದೆ, "ಬೆಲ್ಟೇ ಹರಿದಿರಬೇಕು ಕಣೇ. ಅವರು ಮರೆಯೋರಲ್ಲ. ನೀನು ಇದನ್ನೇ ಓದ್ತಿದೀಯಲ್ಲ, ನೋಡು" ಅಂತ. ಕೇಳಿದ್ದು ಅಷ್ಟೇ. ಕಂಪನಿಯ ಮೇಲೆ ನಿನಗೆ ಹಗೆ ಇರಲಿಲ್ಲ. ನಿನ್ನ ಆ ಒಂದು ಮಾತಿನಿಂದ ಅವರು ಸತ್ತಿಲ್ಲ ಎಂದು ಯಾರಾದರೂ ಹೇಳಿದರೆ ಸಾಕಿತ್ತು. ಆ ಯಾರಾದರೂ ನಾನೇ ಆಗಬೇಕಿತ್ತು.

ವಾಪಸು ಬಂದವಳೇ ಆನರ್ಸ್ ಪ್ರಾಜೆಕ್ಟಿನ ವಿಷಯ ಬದಲಿಸಿದೆ. ನಮ್ಮ ಗೈಡ್ ಒಬ್ಬರಿದ್ದಾರಲ್ಲ, ಶೇಕಡಾ ಸರ್. ಮಳೆ ಬರುತ್ತಾ ಎಂದು ಕೇಳಿದರೂ ಶೇಕಡಾ ಎಷ್ಟು ಎನ್ನುವವರು, ಅದಕ್ಕೇ ಆ ಹೆಸರು. ಬಿಸಿಲಿಗೆ ಬಿದ್ದು ಹಳೆಯದಾದ ಬೆಲ್ಟ್ ಪಟ್ಟಿಗಳ ಬಲ ಎಷ್ಟು ಕುಂದುತ್ತದೆ ಎಂದು ಅಳೆಯುತ್ತೇನೆ ಅಂದಾಗ ಅವರು ಕೂಡಲೇ ಒಪ್ಪಿದರು. ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸ ಶೇಕಡಾದಲ್ಲಿ ಬರುತ್ತದೆ, ಅವರಿಗೆ ಇನ್ನೇನು ಬೇಕು. ನನ್ನ ಭಾವನ ವಿಷಯ ಅವರಿಗೆ ಹೇಳಲಿಲ್ಲ. ಹೇಳಿದ್ದರೆ, ಮನೆಯವರ ನೋವು ಇದ್ದಲ್ಲಿ ಅಳತೆ ನೆಟ್ಟಗಿರುವುದಿಲ್ಲ ಎಂದು ಬೇಡ ಅನ್ನುತ್ತಿದ್ದರು. ಅವರು ಹಾಗೆಂದಿದ್ದರೆ ಸರಿಯಾಗಿಯೇ ಅಂದಂತಾಗುತ್ತಿತ್ತು.

ಹಳೆಯ ಬೆಲ್ಟ್ ಎಲ್ಲಿ ಸಿಗುತ್ತದೆ? ನೇರ ಭಾವನ ಕಂಪನಿಗೇ ಹೋದೆ. ಬರೀ ಕಾಲೇಜಿನ ಹುಡುಗಿ ಅಂದೆ, ಸಂಬಂಧ ಹೇಳಲಿಲ್ಲ. ಬೈಗುಳ ತಿಂದು ಬರಲು ತಯಾರಾಗಿಯೇ ಹೋಗಿದ್ದೆ. ಸ್ಟೋರಿನ ಯಜಮಾನರು ನಗುನಗುತ್ತಾ ಚಹಾ ಕೊಟ್ಟು, "ತಗೊಂಡ್ಹೋಗಮ್ಮ, ಇದ್ದಷ್ಟೂ ತಗೊಂಡ್ಹೋಗು, ನಮಗೂ ಜಾಗ ಖಾಲಿಯಾಗುತ್ತೆ" ಎಂದು ತೆಗೆದುಹಾಕಿದ ಬೆಲ್ಟುಗಳ ಮೂಟೆಯನ್ನೇ ಆಟೋದಲ್ಲಿ ಇಡಿಸಿದರು. ಅಷ್ಟು ಧಾರಾಳವಾಗಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ತಪ್ಪು ಮಾಡಿದವರು ಹೀಗೆ ಮೂಟೆ ಕಟ್ಟಿ ಕೊಡುತ್ತಾರೆಯೇ? ನನಗೆ ಆಗ ಅದು ಹೊಳೆಯಲಿಲ್ಲ. ಗೆದ್ದುಬಿಟ್ಟೆ ಅಂದುಕೊಂಡೆ.

ಲ್ಯಾಬಿನಲ್ಲಿ ಎಳೆದು ನೋಡುವ ಯಂತ್ರವಿದೆ. ಆಳೆತ್ತರಕ್ಕಿಂತ ಎತ್ತರದ ಎರಡು ಕಂಬ, ನಡುವೆ ಮೇಲೊಂದು ಕೆಳಗೊಂದು ಉಕ್ಕಿನ ದವಡೆ. ದವಡೆಯೊಳಗೆ ಸಣ್ಣ ಹಲ್ಲುಗಳಿವೆ. ಪಟ್ಟಿಯ ಎರಡು ತುದಿಗಳನ್ನು ಅವು ಕಚ್ಚಿ ಹಿಡಿಯುತ್ತವೆ, ಯಂತ್ರ ನಿಧಾನಕ್ಕೆ ಎಳೆಯುತ್ತಾ ಹೋಗುತ್ತದೆ, ಪಕ್ಕದ ಪರದೆಯಲ್ಲಿ ಗೆರೆ ಏರುತ್ತದೆ. ಎಲ್ಲಿ ಹರಿಯುತ್ತದೋ ಅಲ್ಲಿ ಗೆರೆ ದೊಪ್ಪನೆ ಬೀಳುತ್ತದೆ.

ಮೊದಲ ಪಟ್ಟಿ ಇರಬೇಕಾದ ಬಲದ ಅರ್ಧಕ್ಕೂ ಮುಟ್ಟದೆ ಹರಿಯಿತು. ಎರಡನೆಯದೂ ಹಾಗೆಯೇ, ಮೂರನೆಯದೂ. ಅಕ್ಕಾ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹರಿದ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಕಾರಿಡಾರಿಗೆ ಓಡಿ ನಿನಗೆ ಫೋನ್ ಮಾಡಿದೆ. ಬೆಲ್ಟುಗಳೆಲ್ಲ ಹಾಳಾಗಿವೆ, ಭಾವನದ್ದು ಹರಿದೇ ಇರುತ್ತದೆ, ನೀನು ಹೇಳಿದ್ದೇ ನಿಜ ಎಂದು ಒಂದೇ ಉಸಿರಿಗೆ ಹೇಳಿದೆ. ಆ ಕಡೆ ನಿನ್ನ ಹೊಲಿಗೆ ಮೆಷಿನ್ ನಿಂತದ್ದು ಕೇಳಿಸಿತು.

ಮುಂದಿನದನ್ನು ನೀನೇ ನನಗೆ ಹೇಳಿದವಳು. ಆ ಸಂಜೆ ನೀನು ಅತ್ತೆಯ ಮುಂದೆ ನಿಂತು ಹೇಳಿದೆ. ಅವರು ಗೋಡೆಗಲ್ಲ, ನಿನ್ನ ಮುಖ ನೋಡಿ, "ಅವತ್ತು ಚಹಾನೂ ಕುಡೀದೆ ಹೋದ, ಅಲ್ವೇನೇ" ಎಂದರು. ಇಬ್ಬರೂ ಅತ್ತಿರಿ. ಮರುದಿನ ಬೆಳಗ್ಗೆ ನಿನಗೂ ಸೇರಿಸಿ ಚಹಾ ಇಟ್ಟರು. ಆಮೇಲೆ ಒಂದೊಂದೇ ಬಂದವು. ನಿನ್ನ ಹತ್ತಿರ ತಲೆ ಬಾಚಿಸಿಕೊಂಡರು, ಕಣ್ಣಿಗೆ ಔಷಧಿ ಹಾಕಿಸಿಕೊಂಡರು, ಅಂಗಡಿಯಿಂದ ತಡವಾಗಿ ಬಂದರೆ ಬಾಗಿಲಲ್ಲಿ ನಿಂತು ಬೈದರು. ಅತ್ತೆ ಬೈದರು ಎಂದು ನೀನು ಖುಷಿಯಲ್ಲಿ ಫೋನ್ ಮಾಡಿದ್ದು ನೆನಪಿದೆಯೇ? ಬೈಸಿಕೊಂಡು ಅಷ್ಟು ಸಂತೋಷಪಟ್ಟ ಸೊಸೆಯನ್ನು ನಾನು ಬೇರೆಲ್ಲೂ ನೋಡಿಲ್ಲ ಎಂದು ಆಗ ನಿನ್ನನ್ನು ರೇಗಿಸಿದ್ದೆ.

ಆ ಫೋನ್ ಬಂದಾಗ ನನಗೆ ನಿಜ ಗೊತ್ತಾಗಿತ್ತು.

ಹರಿದ ಚೂರುಗಳನ್ನು ಹೆಮ್ಮೆಯಿಂದ ಶೇಕಡಾ ಸರ್ ಮುಂದೆ ಹರಡಿದ್ದೆ. ಅವರು ಕನ್ನಡಕ ಹಣೆಗೇರಿಸಿ, ಒಂದೊಂದರ ತುದಿಯನ್ನೂ ಬೆರಳಲ್ಲಿ ಸವರಿ, ಎಲ್ಲಿ ಹರಿದಿದೆ ನೋಡು ಎಂದರು. ಪ್ರತಿಯೊಂದೂ ದವಡೆಯ ಬಾಯಲ್ಲೇ ಹರಿದಿತ್ತು. ಹಲ್ಲು ನೆಟ್ಟ ಗುರುತು ಸಾಲಾಗಿ ಕಾಣುತ್ತಿತ್ತು. "ಇದು ಪಟ್ಟಿ ಸೋತಿದ್ದಲ್ಲಮ್ಮ, ಯಂತ್ರ ಕಚ್ಚಿ ಕತ್ತರಿಸಿದ್ದು. ದವಡೆಯಲ್ಲಿ ಹರಿದದ್ದು ಲೆಕ್ಕಕ್ಕಿಲ್ಲ, ಎಲ್ಲ ಹೊಡೆದುಹಾಕು" ಎಂದರು. ಬಟ್ಟೆಯ ಪಟ್ಟಿಗೆ ಹಲ್ಲಿನ ದವಡೆ ಹಾಕಬಾರದು, ನುಣುಪಾದ ಉರುಳೆಗೆ ಸುತ್ತಿ ಎಳೆಯಬೇಕು. ಪುಸ್ತಕದಲ್ಲಿ ಇದ್ದದ್ದೇ. ನಾನು ಓದಿದ್ದೆ, ಅವಸರದಲ್ಲಿ ಮರೆತಿದ್ದೆ. ನನ್ನಂಥ ಹೊಸಬರು ಮಾಡುವ ತಪ್ಪೇ ಇದು ಎಂದು ಸರ್ ನಕ್ಕರು. ತಪ್ಪು ಮಾಡಿದ ಹೊಸಬರೆಲ್ಲ ಓಡಿಹೋಗಿ ಅಕ್ಕನಿಗೆ ಫೋನ್ ಮಾಡುವುದಿಲ್ಲ.

ಉರುಳೆ ಹಾಕಿ ಮತ್ತೆ ಎಳೆದೆ. ಪಟ್ಟಿಗಳು ಹರಿಯಲೇ ಇಲ್ಲ. ಹರಿಯಲೇ ಇಲ್ಲ ಎಂದರೆ ಸುಳ್ಳಾದೀತು, ಹರಿದವು, ಆದರೆ ಮನುಷ್ಯ ಬಿದ್ದರೆ ಬೀಳುವ ಭಾರಕ್ಕಿಂತ ಎಷ್ಟೋ ಮೇಲೆ ಹೋಗಿ ಹರಿದವು. ಬಣ್ಣ ಮಾಸಿದ್ದು, ಅಂಚು ಸವೆದದ್ದು, ಮುಟ್ಟಿದರೆ ಪುಡಿಯಾಗುತ್ತದೇನೋ ಎನ್ನುವಂಥದ್ದು ಕೂಡ ಗಟ್ಟಿಯಾಗಿಯೇ ನಿಂತಿತು. ಪ್ರತಿ ಸಲವೂ ಯಂತ್ರದ ಮುಂದೆ ನಿಂತು ಹರಿ, ಹರಿ ಎಂದು ಮನಸ್ಸಿನಲ್ಲೇ ಬೇಡಿದೆ. ಇಂಥ ಆಸೆ ಇಟ್ಟುಕೊಂಡು ಬೆಲ್ಟ್ ಪರೀಕ್ಷಿಸಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆಗಲೇ ನಿನಗೆ ಹೇಳಬೇಕಿತ್ತು. ಇವತ್ತು, ನಾಳೆ ಎನ್ನುತ್ತಾ ಇದ್ದೆ. ಅಷ್ಟರಲ್ಲಿ ಅತ್ತೆ ಬೈದರು ಎಂದು ನೀನು ಫೋನ್ ಮಾಡಿದೆ. ನನ್ನ ಬಾಯಿಗೆ ಬೀಗ ಬಿತ್ತು.

ಮೂಟೆಯ ತಳ ಮುಟ್ಟಿದಾಗ ಇನ್ನೊಂದು ಕಾದಿತ್ತು. ಕೊನೆಯ ಕೆಲವು ಬೆಲ್ಟುಗಳಲ್ಲಿ ಒಂದರ ಒಳಮೈಯಲ್ಲಿ, ಬಕಲಿನ ಹಿಂದೆ, ಕೆಂಪು ಉಗುರುಬಣ್ಣದಲ್ಲಿ ಬರೆದ ಎರಡು ಎಲೆಗಳಿದ್ದವು. ಎಲ್ಲರ ಬೆಲ್ಟೂ ಒಂದೇ ಥರ, ಅದಲುಬದಲಾಗುತ್ತದೆ ಎಂದು ಭಾವ ಗೊಣಗಿದ್ದಕ್ಕೆ ನೀನು ಬರೆದುಕೊಟ್ಟ ಎಲೆಗಳು. ಸ್ಟೋರಿಗೆ ಹೋಗಿದೆ ಎಂದು ಅವರು ಹೇಳಿದ್ದು ನಿಜವೇ. ಹಳೆಯದರ ಜೊತೆ ಮೂಟೆಗೆ ತುರುಕಿದ್ದರು. ಅದನ್ನು ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ಬೆರಳಾಡಿಸಿ ನೋಡಿದೆ.

ಅಕ್ಕಾ, ಅದು ಹರಿದಿರಲಿಲ್ಲ.

ಇನ್ನೊಂದು ವಿಷಯ ನಿನಗೆ ಹೇಳಿದರೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಆ ಬೆಲ್ಟುಗಳ ಪಟ್ಟಿಯ ನಡುವೆ ಒಂದು ಮಡಿಕೆ ಇರುತ್ತದೆ. ಅದನ್ನು ಹಿಡಿದಿರುವುದು ಹರಿಯಲೆಂದೇ ಹಾಕಿದ ಹೊಲಿಗೆ. ಮನುಷ್ಯ ಬಿದ್ದು ಪಟ್ಟಿ ಜಗ್ಗಿದ ಕೂಡಲೇ ಆ ಹೊಲಿಗೆ ಪರಪರ ಬಿಚ್ಚಿಕೊಂಡು ಏಟನ್ನು ನುಂಗುತ್ತದೆ. ಒಮ್ಮೆ ಬಿದ್ದವರ ಬೆಲ್ಟಿನಲ್ಲಿ ಆ ಹೊಲಿಗೆ ಉಳಿದಿರಲು ಸಾಧ್ಯವಿಲ್ಲ. ಭಾವನದ್ದರಲ್ಲಿ ಒಂದು ಎಳೆಯೂ ಬಿಚ್ಚಿರಲಿಲ್ಲ. ಅಂದರೆ ಅವರು ಬಿದ್ದಾಗ ಕೊಕ್ಕೆ ಯಾವುದಕ್ಕೂ ಸಿಕ್ಕಿರಲಿಲ್ಲ. ಕಂಪನಿ ಬರೆದ ಮೊದಲರ್ಧ ನಿಜ.

ಇಲ್ಲಿ ನಿಲ್ಲಿಸಿ ಒಂದು ಲೋಟ ನೀರು ಕುಡಿ. ಎರಡನೆಯ ಅರ್ಧ, ಅವರದೇ ಅಜಾಗರೂಕತೆ ಎಂಬುದು, ಸುಳ್ಳು. ಅದನ್ನು ಹೇಳಲೆಂದೇ ಇಷ್ಟು ಬರೆದೆ.

ಕೊಕ್ಕೆ ಯಾಕೆ ಹಾಕಿರಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೊನೆಗೆ ಒಂದು ದಿನ ಆ ಟ್ಯಾಂಕು ಇರುವಲ್ಲಿಗೇ ಹೋಗಿ ಕೆಳಗೆ ನಿಂತು ನೋಡಿದೆ. ಅಂಚಿನುದ್ದಕ್ಕೂ ಸಾಲು ಕಂಬಗಳು, ಕಂಬದಿಂದ ಕಂಬಕ್ಕೆ ಬಿಗಿದ ಉಕ್ಕಿನ ಹಗ್ಗ. ಕೊಕ್ಕೆಯನ್ನು ಆ ಹಗ್ಗಕ್ಕೆ ಹಾಕಿ ಸರಿಯುತ್ತಾ ಬಣ್ಣ ಬಳಿಯಬೇಕು. ಹಗ್ಗ ಕಂಬಕ್ಕೆ ಬಿಗಿದಿರುವಲ್ಲಿ ಕೊಕ್ಕೆ ಮುಂದಕ್ಕೆ ಹೋಗುವುದಿಲ್ಲ. ಬಿಚ್ಚಿ, ಕಂಬದ ಆ ಕಡೆ ಮತ್ತೆ ಹಾಕಬೇಕು. ಎರಡು ಪಟ್ಟಿ, ಎರಡು ಕೊಕ್ಕೆ ಇರುವ ಬೆಲ್ಟಾದರೆ ಒಂದು ಬಿಚ್ಚುವಾಗ ಇನ್ನೊಂದು ಹಿಡಿದಿರುತ್ತದೆ. ಇವರಿಗೆ ಕೊಟ್ಟಿದ್ದು ಒಂದೇ ಪಟ್ಟಿಯ ಬೆಲ್ಟ್. ಹಾಗಾಗಿ ಪ್ರತಿ ಕಂಬದ ಹತ್ತಿರವೂ ಪ್ರತಿಯೊಬ್ಬನೂ ಅಷ್ಟು ಹೊತ್ತು ಗಾಳಿಯಲ್ಲೇ ಇರುತ್ತಾನೆ.

ಕಾಲೇಜಿನ ವರ್ಕ್‌ಶಾಪಿನ ಅಂಗಳದಲ್ಲಿ ಅದೇ ಅಂತರಕ್ಕೆ ಕಂಬ ನಿಲ್ಲಿಸಿ ಹಗ್ಗ ಬಿಗಿದೆ. ಮೊಣಕಾಲೆತ್ತರದ ಹಲಗೆ. ಅಲ್ಲಿಂದ ಬಿದ್ದರೆ ಮಾನ ಹೋದೀತೇ ಹೊರತು ಪ್ರಾಣವಲ್ಲ. ಭಾವನ ಬೆಲ್ಟನ್ನೇ ಕಟ್ಟಿಕೊಂಡು ಒಂದು ಕೈಯಲ್ಲಿ ಡಬ್ಬ ಹಿಡಿದು ಆ ಉದ್ದಕ್ಕೂ ನಡೆದೆ. ಕೊಕ್ಕೆ ಬಿಚ್ಚಲು ಎರಡು ಕೈ ಬೇಕು, ಡಬ್ಬ ಕೆಳಗಿಡಲು ಬಗ್ಗಬೇಕು. ಸಿಟ್ಟಿನಲ್ಲಿ ನಡೆದು ನೋಡಿದೆ, ಹಾಡು ಗುನುಗುತ್ತಾ ನಡೆದು ನೋಡಿದೆ. ಏನು ಮಾಡಿದರೂ ಕಂಬದ ಹತ್ತಿರ ಬಂದಾಗ ನಾನು ಬಿಚ್ಚಿಕೊಂಡವಳೇ. ಹೆಂಡತಿ ಮುತ್ತು ಕೊಟ್ಟು ಕಳಿಸಿದವನೂ ಅಲ್ಲಿ ಬಿಚ್ಚಲೇಬೇಕು, ಬೈದು ಕಳಿಸಿದವನೂ ಬಿಚ್ಚಲೇಬೇಕು. ಭಾವ ಮರೆತಿರಲಿಲ್ಲ ಅಕ್ಕಾ. ಅವರು ಕಂಬ ದಾಟುತ್ತಿದ್ದರು.

ನೀನು ಇದನ್ನು ಓದಿಯೂ ತಲೆ ಅಲ್ಲಾಡಿಸುತ್ತೀಯ, ಗೊತ್ತು. ದಿನಾ ದಾಟುವವರು ಅವತ್ತೇ ಯಾಕೆ ಜಾರಿದರು ಎನ್ನುತ್ತೀಯ. ಆ ಗಳಿಗೆಯಲ್ಲಿ ಅವರ ಮನಸ್ಸು ಎಲ್ಲಿತ್ತು ಎಂದು ಅಳೆಯುವ ಯಂತ್ರ ನಮ್ಮ ಲ್ಯಾಬಿನಲ್ಲಿ ಇಲ್ಲ. ಆದರೆ ಒಂದು ನಂಬು. ಎರಡನೆಯ ಕೊಕ್ಕೆ ಇದ್ದಿದ್ದರೆ ಅವರು ನಿನ್ನ ಬೈಗುಳವನ್ನೇ ನೆನೆಯುತ್ತಾ ಜಾರಿದ್ದರೂ ಸಂಜೆ ಮನೆಗೆ ಬರುತ್ತಿದ್ದರು.

ಇದೆಲ್ಲ ಸೇರಿಸಿ ಕೊನೆಯ ಅಧ್ಯಾಯ ಬರೆದೆ. ಒಂದೇ ಪಟ್ಟಿಯ ಬೆಲ್ಟನ್ನು ಇಂಥ ಜಾಗದಲ್ಲಿ ಕೊಡಬಾರದು ಎಂದು ಕಡ್ಡಿ ತುಂಡು ಮಾಡಿದ ಹಾಗೆ ಬರೆದೆ. ಸರ್ ಓದಿ, ಚೆನ್ನಾಗಿದೆ, ಆದರೆ ನಿನ್ನ ವಿಷಯ ಪಟ್ಟಿಯ ಬಲ, ಇದು ಪಟ್ಟಿಯ ಬಳಕೆ, ಇದನ್ನು ತೆಗೆ ಎಂದರು. ನಾನು ತೆಗೆಯಲಿಲ್ಲ. ಹಟ ಹಿಡಿದೆ, ಹೆಮ್ಮೆಯೂ ಪಟ್ಟೆ. ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಆ ಹಾಳೆಗಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಎಷ್ಟು ಜನ ಕೆಲಸಗಾರರ ಮೇಲೆ ನೋಡಿದೆ ಎಂದು ಕೇಳಿದರು. ನಾನೊಬ್ಬಳೇ ನಡೆದದ್ದು ಅಂದೆ. ಕೋಣೆಯಲ್ಲಿದ್ದವರೆಲ್ಲ ಸಣ್ಣಗೆ ನಕ್ಕರು. ಅಳತೆಯ ಭಾಗ ಬಹಳ ಅಚ್ಚುಕಟ್ಟಾಗಿದೆ, ಕೊನೆಯ ಅಧ್ಯಾಯ ತೆಗೆದು ಮತ್ತೆ ಬೈಂಡ್ ಮಾಡಿಸಿದರೆ ಆನರ್ಸ್, ಇಲ್ಲದಿದ್ದರೆ ಬರೀ ಪಾಸು ಎಂದರು.

ತೆಗೆದೆ ಅಕ್ಕಾ. ಒಂದು ರಾತ್ರಿ ಯೋಚಿಸುತ್ತೇನೆ ಎಂದೂ ಹೇಳಲಿಲ್ಲ. ಅಲ್ಲೇ ನಿಂತು, ಆಗಲಿ ಸರ್, ತೆಗೆಯುತ್ತೇನೆ ಅಂದೆ. ನೀನು ಕಣ್ಣು ಕೆಡಿಸಿಕೊಂಡು ಹೊಲಿದು ನನ್ನನ್ನು ಓದಿಸಿದ್ದು ಬರೀ ಪಾಸಿಗಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಿನ್ನ ಹೆಸರನ್ನು ಮುಂದಿಟ್ಟರೆ ನನಗೆ ನಾಚಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟಕ್ಕೆ ಬಳಸಿಕೊಂಡೆ. ಈಗ ಆ ನೀಲಿ ಪುಸ್ತಕದ ಕೊನೆಯ ಸಾಲು, ಹಳೆಯ ಪಟ್ಟಿಗಳಲ್ಲೂ ಸಾಕಷ್ಟು ಬಲ ಉಳಿದಿರುತ್ತದೆ ಎಂಬುದು. ಸಾಮಗ್ರಿ ಕೊಟ್ಟವರಿಗೆ ಒಂದು ಪ್ರತಿ ಕೊಡುವುದು ಇಲ್ಲಿನ ರೂಢಿ. ಸ್ಟೋರಿನ ಯಜಮಾನರು ಅದನ್ನು ಕೈಗೆ ತೆಗೆದುಕೊಂಡು, ಕೊನೆಯ ಪುಟ ಓದಿ, "ನಮ್ ಮಾಲು ಗಟ್ಟಿ ಅಂತ ನಮಗೆ ಗೊತ್ತಿತ್ತಮ್ಮ" ಎಂದು ನನ್ನ ಬೆನ್ನು ತಟ್ಟಿದರು. ಅವರ ಹಿಂದೆ ಗೋಡೆಯ ಮೊಳೆಗಳಲ್ಲಿ ಹೊಸ ಬೆಲ್ಟುಗಳು ತೂಗುತ್ತಿದ್ದವು. ಎಲ್ಲವೂ ಒಂದೇ ಪಟ್ಟಿಯವು.

ಆಮೇಲೆ ಉಳಿದದ್ದು ಅತ್ತೆ. ಅವರಿಗೆ ಕಂಬ, ಕೊಕ್ಕೆ, ಮಡಿಕೆ ಎಂದು ವಿವರಿಸಿದರೆ ಅವರ ಕಿವಿಗೆ ಬೀಳುವುದು ಒಂದೇ ಮಾತು, ಕೊಕ್ಕೆ ಹಾಕಿರಲಿಲ್ಲ. ಆಮೇಲೆ ಮತ್ತೆ ಗೋಡೆಯೊಡನೆ ಮಾತು ಶುರು. ಈ ಸಲ ಇನ್ನೂ ಕೆಟ್ಟದಾಗಿ, ಅಕ್ಕತಂಗಿ ಸೇರಿ ಮೋಸ ಮಾಡಿದರು ಎಂಬುದೂ ಸೇರಿ. ನಿಜ ಹೇಳಬೇಕು ಎಂದು ನನಗೆ ಬುದ್ಧಿ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನಿನಗೆ ಮಾತ್ರ. ನಿಜವನ್ನೇ ಬುಡದಿಂದ ಕತ್ತರಿಸಿ ಬೈಂಡ್ ಮಾಡಿಸಿದವಳು ನಾನು, ನಾನು ಯಾವ ಮುಖ ಹೊತ್ತು ಹೇಳಲಿ.

ಮುಂದಿನ ತಿಂಗಳು ಕೋಣೆ ಖಾಲಿ ಮಾಡಿ ಬರುತ್ತೇನೆ. ಈ ಪತ್ರವನ್ನು ಮನೆಗೆ ಒಯ್ಯಬೇಡ, ಅಂಗಡಿಯಲ್ಲೇ ಹರಿದು ಚೂರುಗಳ ಬುಟ್ಟಿಗೆ ಹಾಕು. ಅತ್ತೆಯ ಕಣ್ಣಿನ ಔಷಧಿ ಮುಗಿಯುವ ಮೊದಲೇ ತಂದಿಟ್ಟುಕೋ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಎಲ್ಲಿ ಹೋದರೂ ನಿನ್ನ ಹಿಂದೆಯೇ ಬಂದ,
ನಿನ್ನ ಬಾಲ

ತಾ.ಕ.: ಈಗ ಪಾರ್ಸೆಲ್ ಬಿಚ್ಚಬಹುದು. ಒಳಗಿರುವುದು ಭಾವನ ಬೆಲ್ಟ್. ನಿನ್ನ ಎರಡು ಎಲೆಗಳು ಹಾಗೆಯೇ ಇವೆ. ಪಟ್ಟಿ ಮಾತ್ರ ಕೊಕ್ಕೆಯ ಹತ್ತಿರ ಹರಿದಿದೆ. ಇವತ್ತು ರಜೆ, ಲ್ಯಾಬಿನಲ್ಲಿ ಯಾರೂ ಇರಲಿಲ್ಲ, ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇತ್ತು. ಉರುಳೆ ತೆಗೆದು ಹಳೆಯ ಹಲ್ಲಿನ ದವಡೆ ಹಾಕಿದೆ. ಬೇಗ ಹರಿಯಿತು. ಅತ್ತೆಗೆ ಏನೂ ವಿವರಿಸಬೇಡ, ಸ್ಟೋರಿನಲ್ಲಿ ಕೊನೆಗೂ ಸಿಕ್ಕಿತಂತೆ ಎಂದು ಹೇಳಿ ಅವರ ಮಡಿಲಿಗೆ ಹಾಕು, ಸಾಕು. ನೀನು ಹೊಲಿಗೆಯವಳು, ಅಂಚು ನೋಡಿದ ಕೂಡಲೇ ಇದು ತಾನಾಗಿ ಹರಿದದ್ದಲ್ಲ ಎಂದು ನಿನಗೆ ತಿಳಿದುಬಿಡುತ್ತದೆ. ಅದಕ್ಕೇ ನಿನಗೆ ನಿಜ ಬರೆಯಬೇಕಾಯಿತು. ನೀನು ಬೇರೆ ಏನಾದರೂ ಕೆಲಸ ಮಾಡುತ್ತಿದ್ದಿದ್ದರೆ ಬೆಲ್ಟಿನ ಜೊತೆ ಒಂದು ಸಾಲಿನ ಚೀಟಿ ಇಟ್ಟು ಸುಮ್ಮನಾಗುತ್ತಿದ್ದೆನೋ ಏನೋ. ಹರಿದ ತುದಿಯಲ್ಲಿ ಹಲ್ಲಿನ ಗುರುತು ಸಾಲಾಗಿದೆ, ಲ್ಯಾಬಿನವರು ಯಾರು ನೋಡಿದರೂ ಕಂಡುಹಿಡಿಯುತ್ತಾರೆ. ಲ್ಯಾಬಿನವರು ಯಾರೂ ನಿಮ್ಮ ಮನೆಗೆ ಬರುವುದಿಲ್ಲ. ನಾನೊಬ್ಬಳು ಬರುತ್ತೇನೆ. ಬಂದಾಗ ಅದನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಎತ್ತಿಡು.